ಅಲಾರಂ ಕೀಪ್ಯಾಡ್

ಕಟ್ಟಡದ ಕಳ್ಳತನ ಎಚ್ಚರಿಕೆ ವ್ಯವಸ್ಥೆಯನ್ನು ಚಾಲೂ ಮಾಡಲು, ನಿಲ್ಲಿಸಲು ಹಾಗೂ ಅದರ ಸ್ಥಿತಿ ತಿಳಿಯಲು ಸಾಮಾನ್ಯವಾಗಿ ಮುಂಬಾಗಿಲ ಒಳಬದಿಯ ಗೋಡೆಗೆ ಕೂರಿಸುವ ಗುಂಡಿಗಳ ಸಾಧನ. ಇದನ್ನು ಬೀಗದ ಜಾತಿಗೆ ಸೇರಿಸುವುದು ವಾಡಿಕೆ. ಆದರೆ ಇದು ಯಾವ ಬಾಗಿಲನ್ನೂ ಭದ್ರಪಡಿಸುವುದಿಲ್ಲ, ಕಳ್ಳನನ್ನು ಪತ್ತೆಹಚ್ಚುವುದೂ ಇಲ್ಲ. ಪತ್ತೆಯ ಕೆಲಸ ಬಾಗಿಲು-ಕಿಟಕಿಗಳ ಅಯಸ್ಕಾಂತ ಸ್ವಿಚ್ಚುಗಳದ್ದು ಮತ್ತು ಚಲನೆ ಗ್ರಹಿಸುವ ಸೆನ್ಸರುಗಳದ್ದು. ಸೈರನ್ ಕೂಗಿಸುವ ತೀರ್ಮಾನ ಕಂಟ್ರೋಲ್ ಪ್ಯಾನೆಲಿನದು. ಒಳಗೆ ಬಂದವರು ಮನೆಯವರೇ ಎಂದು ಆ ಪ್ಯಾನೆಲಿಗೆ ತಿಳಿಸುವುದಷ್ಟೇ ಕೀಪ್ಯಾಡಿನ ಪಾಲು. ಹಾಗಾಗಿ ಕಳ್ಳನಿಗೆ ಅದು ಎಷ್ಟು ಕಷ್ಟ ಕೊಡುತ್ತದೆ ಎಂಬುದಕ್ಕಿಂತ, ಮನೆಯವರು ಅದರ ಮುಂದೆ ಎಷ್ಟು ಕಡಿಮೆ ಎಡವುತ್ತಾರೆ ಎಂಬುದರಿಂದ ಅದನ್ನು ಅಳೆಯುವುದು ನ್ಯಾಯ.

ಅಮೆರಿಕದ ಅಗಸ್ಟಸ್ ರಸೆಲ್ ಪೋಪ್ 1853ರಲ್ಲಿ ವಿದ್ಯುತ್ಕಾಂತೀಯ ಕಳ್ಳಗಂಟೆಗೆ ಪೇಟೆಂಟ್ ಪಡೆದರು. ಎಡ್ವಿನ್ ಹೋಮ್ಸ್ ಆ ಹಕ್ಕನ್ನು ಕೊಂಡು ವ್ಯಾಪಾರವಾಗಿ ಬೆಳೆಸಿದರು. ಅಂಕಿಗಳ ಗುಂಡಿ ಬರುವ ಮುನ್ನ ಅಲಾರಂ ಹಾಕಿ ತೆಗೆಯಲು ಕೀಲಿಕೈ ತಿರುಗಿಸುವ ಸ್ವಿಚ್ಚುಗಳಿದ್ದವು. ಇಂದಿನ ಗುಂಡಿಗಳ ಸಾಲು ದೂರವಾಣಿಯ ಬಳುವಳಿ. ಯಾವ ಜೋಡಣೆಯಲ್ಲಿ ಜನ ಬೇಗ, ತಪ್ಪಿಲ್ಲದೆ ಒತ್ತುತ್ತಾರೆಂದು ಬೆಲ್ ಪ್ರಯೋಗಾಲಯ ಪರೀಕ್ಷಿಸಿತು, ಆರ್. ಎಲ್. ಡೈನಿಂಗರ್ 1960ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕ್ಯಾಲ್ಕ್ಯುಲೇಟರಿನಲ್ಲಿ 7-8-9 ಮೇಲಿದ್ದರೆ, 1963ರಲ್ಲಿ ಗ್ರಾಹಕರಿಗೆ ಸಿಕ್ಕ ಗುಂಡಿ ದೂರವಾಣಿಯಲ್ಲಿ 1-2-3 ಮೇಲಿತ್ತು. ನಕ್ಷತ್ರ ಮತ್ತು ಹ್ಯಾಶ್ ಗುಂಡಿಗಳು ಅದಕ್ಕೆ ಸೇರಿದ್ದು ಆಮೇಲೆ. ಪರೀಕ್ಷಿಸಿದ ಹಲವು ಜೋಡಣೆಗಳ ನಡುವಿನ ಅಂತರ ಅಲ್ಪವಾಗಿತ್ತು ಎನ್ನುವುದು ಇಲ್ಲಿ ಗಮನಾರ್ಹ: ಅಲಾರಂ ಕೀಪ್ಯಾಡಿಗೆ ಈ ಸಾಲು ಒಗ್ಗಿದ್ದು ಪ್ರಾಯಶಃ ಅದರ ಶ್ರೇಷ್ಠತೆಯಿಂದಲ್ಲ, ಬೆರಳುಗಳ ರೂಢಿಯಿಂದ.

ಎಡವುವಿಕೆಯ ಬೆಲೆ ಸಣ್ಣದಲ್ಲ. ಅಮೆರಿಕದ ಪೊಲೀಸರಿಗಾಗಿ 2001ರಲ್ಲಿ ಹೊರಬಂದ ಮಾರ್ಗದರ್ಶಿಯೊಂದು ಕಳ್ಳತನ ಅಲಾರಂ ಕರೆಗಳಲ್ಲಿ ಶೇ. 94ರಿಂದ 98ರಷ್ಟು ಸುಳ್ಳು ಎಂದಿತು. ಬಳಸುವವರ ತಪ್ಪು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಸಾಲ್ಟ್ ಲೇಕ್ ಸಿಟಿಯಂತೂ 2000ದಲ್ಲಿ, ಯಾರಾದರೂ ಕಣ್ಣಾರೆ ಖಚಿತಪಡಿಸದೆ ಪೊಲೀಸರು ಧಾವಿಸುವುದಿಲ್ಲ ಎಂಬ ನಿಯಮ ತಂದಿತು. ಇಂಥ ಸುಳ್ಳು ಕರೆಗಳನ್ನು ತಗ್ಗಿಸಲೆಂದೇ ಅಮೆರಿಕದ ಅಲಾರಂ ಸಾಧನಗಳ ಸಿಪಿ-01 ಮಾನದಂಡ ಒಳಬರಲು ಕನಿಷ್ಠ 30 ಸೆಕೆಂಡು, ಹೊರಹೋಗಲು ಕನಿಷ್ಠ 45 ಸೆಕೆಂಡು ಬಿಡುವು ಕೇಳುತ್ತದೆ. ಆ ಹೊತ್ತಿನ ಬೀಪ್ ಸದ್ದು ಕಿರಿಕಿರಿಯೆನಿಸಿದರೂ, ಕೋಡ್ ಒತ್ತಲು ಮರೆತವರಿಗೆ ಅದೇ ನೆನಪು.

ನಾಲ್ಕಂಕಿಯ ಕೋಡಿಗೆ 10,000 ಸಾಧ್ಯತೆಗಳಷ್ಟೇ, ಇದೆಂಥ ರಕ್ಷಣೆ ಎಂಬ ಆಕ್ಷೇಪವಿದೆ. ಸವೆದ ಗುಂಡಿಗಳು ನಾಲ್ಕು ಅಂಕಿಗಳನ್ನು ತೋರಿಸಿಕೊಟ್ಟರೆ ಉಳಿಯುವುದು 24. ಒಂದು ಅಂಕಿ ಮರುಕಳಿಸುವ ಕೋಡಾದರೆ ಮೂರೇ ಗುಂಡಿ ಸವೆದರೂ 36. ಆಕ್ಷೇಪ ಸರಿಯೇ, ಆದರೆ ಗಡಿಯಾರ ಓಡುತ್ತಿರುವಾಗ, ಕೆಲವು ತಪ್ಪುಗಳ ನಂತರ ಗುಂಡಿಗಳೇ ಸ್ತಬ್ಧವಾಗುವ ಏರ್ಪಾಡಿನಲ್ಲಿ ಊಹೆಗೆ ಅವಕಾಶ ಕಡಿಮೆ. ಕೀಪ್ಯಾಡನ್ನೇ ಒಡೆದು ಹಾಕಿದರೆ? ಪ್ಯಾನೆಲ್ ಬೇರೆ ಕಡೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಸ್ವಂತ ಬ್ಯಾಟರಿಯೊಡನೆ ಇದ್ದರೆ ಸೈರನ್ ನಿಲ್ಲದು; ಎರಡೂ ಒಂದೇ ಡಬ್ಬಿಯಲ್ಲಿರುವ ಮಾದರಿಗಳಿಗೆ ಮಾತ್ರ ಇದು ನಿಜವಾದ ದೌರ್ಬಲ್ಯ. ಮೊಬೈಲ್ ಆ್ಯಪ್ ಬಂದ ಮೇಲೆ ಗೋಡೆಯ ಗುಂಡಿಗಳೇಕೆ ಎಂಬ ಪ್ರಶ್ನೆಗೂ ಉತ್ತರವುಂಟು: ಮನೆಗೆಲಸದವರು, ವೃದ್ಧರು, ಚಾರ್ಜ್ ಮುಗಿದ ಫೋನ್ ಹಿಡಿದವರು ಕೂಡ ಆ ಬಾಗಿಲಿನಿಂದಲೇ ಬರುತ್ತಾರೆ. ಇನ್ನು, ಬೆದರಿಕೆಗೆ ಸಿಕ್ಕ ಮಾಲೀಕ ಒತ್ತುವ ಬೇರೊಂದು ಕೋಡ್ ಅಲಾರಂ ನಿಲ್ಲಿಸಿದಂತೆ ತೋರಿಸಿ ನಿಗಾ ಕೇಂದ್ರಕ್ಕೆ ಸದ್ದಿಲ್ಲದೆ ಸುದ್ದಿ ಮುಟ್ಟಿಸುತ್ತದೆ. ಮಾಮೂಲಿ ಕೋಡಿನ ಕೊನೆಯ ಅಂಕಿಗೆ ಒಂದು ಕೂಡಿಸಿ ಇದನ್ನು ರೂಪಿಸುವ ಪದ್ಧತಿಯಿತ್ತು. ಬೆರಳು ಪಕ್ಕದ ಗುಂಡಿಗೆ ಜಾರಿದರೂ ಪೊಲೀಸರು ಬರುವಂತಾದ್ದರಿಂದ ಸಿಪಿ-01 ಅದನ್ನು ಕೈಬಿಟ್ಟಿತು.