ಹಳೆಯ ಷೆವರ್ಲೆ ಎಂಜಿನ್‌ಗೆ ಸ್ವಯಂಚಾಲಿತ ಗೇರ್‌ಬಾಕ್ಸ್: ಮೂರು ಮಿಲಿಮೀಟರ್‌ಗಳ ಲೆಕ್ಕಾಚಾರ

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1955ರಲ್ಲಿ ಷೆವರ್ಲೆ ಕಾರುಗಳಿಗಾಗಿ ಹೊರತಂದ ‘ಸ್ಮಾಲ್ ಬ್ಲಾಕ್’ ವಿ-8 ಎಂಜಿನ್, ಹಳೆಯ ಕಾರುಗಳ ಹವ್ಯಾಸಿಗಳಿಗೆ ಇಂದಿಗೂ ಅಚ್ಚುಮೆಚ್ಚು. ಇದಕ್ಕೆ ಶಕ್ತಿಯೊಂದೇ ಕಾರಣವಲ್ಲ. ಎಂಜಿನ್‌ನ ಹಿಂಬದಿಯಲ್ಲಿ ಗೇರ್‌ಬಾಕ್ಸನ್ನು ಹಿಡಿದಿಡುವ ಬೋಲ್ಟ್ ರಂಧ್ರಗಳ ವಿನ್ಯಾಸ ದಶಕಗಳ ಕಾಲ ಬದಲಾಗಲಿಲ್ಲ. ಹೀಗಾಗಿ 1967ರ ಕ್ಯಾಮಾರೊ ಕಾರಿನ ಎಂಜಿನ್‌ಗೆ 1980ರ ದಶಕದ ಸ್ವಯಂಚಾಲಿತ ಗೇರ್‌ಬಾಕ್ಸ್ ಜೋಡಿಸಲು ಸಾಧ್ಯವಾಗುತ್ತದೆ. ಆದರೆ ಬೋಲ್ಟ್‌ಗಳು ಹೊಂದಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವುದು ತಪ್ಪು. ದುಬಾರಿ ಗೇರ್‌ಬಾಕ್ಸ್‌ಗಳು ಹಾಳಾಗುವುದು ಬಹುತೇಕ ಈ ಭಾವನೆಯಿಂದಲೇ.

ಸಂಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸ್ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದದ್ದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ. ಹೈಡ್ರಾಮ್ಯಾಟಿಕ್ ಎಂಬುದು ಅದರ ಹೆಸರು. ಷೆವರ್ಲೆ 1950ರಲ್ಲಿ ಎರಡು ಗೇರ್‌ಗಳ ಪವರ್‌ಗ್ಲೈಡನ್ನು ನೀಡಿತು. 1969ರಲ್ಲಿ ಮೂರು ಗೇರ್‌ಗಳ ಟರ್ಬೊ 350, 1982ರಲ್ಲಿ ನಾಲ್ಕು ಗೇರ್‌ಗಳ 700ಆರ್4 ಬಂದವು. ಹೆದ್ದಾರಿಯಲ್ಲಿ ಓಡಿಸುವವರ ಒಲವು ಈ ಕೊನೆಯದರ ಕಡೆಗೆ. ಅದರ ನಾಲ್ಕನೆಯ ಗೇರ್‌ನ ಅನುಪಾತ 0.70. ಅಂದರೆ ಟರ್ಬೊ 350ರ ಮೂರನೆಯ ಗೇರ್‌ನಲ್ಲಿ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವ ವೇಗದಲ್ಲಿ ಇಲ್ಲಿ 2,100 ಸುತ್ತು ಸಾಕು. ಸದ್ದೂ ಕಡಿಮೆ, ಪೆಟ್ರೋಲ್ ಖರ್ಚೂ ಕಡಿಮೆ.

ಮಾನವಚಾಲಿತ ಗೇರ್‌ನ ಕಾರಿನಲ್ಲಿ ಎಂಜಿನ್ ಹಿಂದೆ ಭಾರದ ಫ್ಲೈವ್ಹೀಲ್ ಮತ್ತು ಕ್ಲಚ್ ಇರುತ್ತವೆ. ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಆ ಜಾಗಕ್ಕೆ ಫ್ಲೆಕ್ಸ್‌ಪ್ಲೇಟ್ ಎಂಬ ತೆಳುವಾದ ಉಕ್ಕಿನ ತಟ್ಟೆ ಹಾಗೂ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಬರುತ್ತವೆ. ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಚಿಮ್ಮಿಸಿ ಎದುರಿನ ರೆಕ್ಕೆಗಳನ್ನು ತಿರುಗಿಸುತ್ತವೆ. ಕ್ಲಚ್ ತುಳಿಯದೆಯೇ ಕಾರು ನಿಂತಲ್ಲಿ ನಿಲ್ಲುವುದು, ಹೊರಡುವುದು ಇದರಿಂದ ಸಾಧ್ಯ.

ಫ್ಲೆಕ್ಸ್‌ಪ್ಲೇಟಿನ ಆಯ್ಕೆಯಲ್ಲೇ ಮೊದಲ ಎಡವಟ್ಟು ಸಂಭವಿಸುತ್ತದೆ. ಅಂಚಿನಲ್ಲಿ 153 ಹಲ್ಲುಗಳುಳ್ಳದ್ದು, 168 ಹಲ್ಲುಗಳುಳ್ಳದ್ದು ಎಂಬ ಎರಡು ಬಗೆಗಳಿದ್ದು, ಒಂದೊಂದಕ್ಕೂ ಬೇರೆ ಬೇರೆ ಸ್ಟಾರ್ಟರ್ ಮೋಟಾರ್ ಬೇಕು. 1986ರಿಂದ ಈ ಎಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್‌ನ ಹಿಂಬದಿಯ ಸೀಲ್ ಬದಲಾಯಿತು; ಅದರೊಂದಿಗೆ ತಟ್ಟೆಯ ಬೋಲ್ಟ್ ವೃತ್ತವೂ ಕಿರಿದಾಯಿತು. ಹಳೆಯದರ ತಟ್ಟೆ ಹೊಸದಕ್ಕೆ ಕೂರುವುದಿಲ್ಲ. ಇದಾದರೂ ಕೂರದೆ ಎಚ್ಚರಿಸುತ್ತದೆ. 400 ಘನ ಇಂಚಿನ ಸ್ಮಾಲ್ ಬ್ಲಾಕ್‌ನ ವಿಷಯದಲ್ಲಿ ಆ ಅನುಕೂಲವಿಲ್ಲ. ಅದರ ಸಮತೋಲನಕ್ಕೆ ತೂಕ ಬೆಸೆದ ತಟ್ಟೆಯೇ ಬೇಕು. ಸಾಮಾನ್ಯ ತಟ್ಟೆಯೂ ಸರಾಗವಾಗಿ ಕೂರುತ್ತದೆ, ಎಂಜಿನ್ ಮಾತ್ರ ಗಡಗಡ ನಡುಗುತ್ತದೆ.

ಇಡೀ ಕೆಲಸದ ಮರ್ಮ ಇರುವುದು ಕನ್ವರ್ಟರನ್ನು ಕೂರಿಸುವುದರಲ್ಲಿ. ಅದಕ್ಕೆ ಸುಮಾರು 1 ಲೀಟರ್ ಗೇರ್‌ಬಾಕ್ಸ್ ಎಣ್ಣೆ ಸುರಿದು, ಗೇರ್‌ಬಾಕ್ಸ್‌ನ ಮುಂದಿನ ಶಾಫ್ಟ್ ಮೇಲೆ ಏರಿಸಿ, ಒತ್ತುತ್ತ ತಿರುಗಿಸುತ್ತ ಹೋಗಬೇಕು. ಒಳಗಿನ ಎರಡು ಶಾಫ್ಟ್‌ಗಳ ಗೀರುಹಲ್ಲುಗಳು ಒಂದಾದ ಮೇಲೆ ಒಂದು ಕೂಡಿಕೊಳ್ಳುತ್ತವೆ. ಕೊನೆಗೆ ಕನ್ವರ್ಟರ್ ಕೊರಳಿನ ಎರಡು ಕಚ್ಚುಗಳು ಎಣ್ಣೆ ಪಂಪಿಗೆ ಸಿಕ್ಕಿಕೊಳ್ಳಬೇಕು. ಪ್ರತಿ ಹಂತದಲ್ಲೂ ‘ಟಕ್’ ಎಂದು ಒಳಕ್ಕೆ ಜಾರಿದ ಅನುಭವವಾಗುತ್ತದೆ. ಅನನುಭವಿಗಳು ಎರಡಕ್ಕೇ ತೃಪ್ತರಾಗುವುದುಂಟು. ಮೂರನೆಯದು ಕೂರದಿದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಸಣ್ಣ ಸಂದು ಉಳಿಯುತ್ತದೆ. ಆಗ ಬೋಲ್ಟ್ ಬಿಗಿಮಾಡಿ ಎರಡನ್ನೂ ಎಳೆದು ಕೂಡಿಸುವ ಆಸೆ ಹುಟ್ಟುತ್ತದೆ. ಹಾಗೆ ಮಾಡಿದಲ್ಲಿ ಎಂಜಿನ್ ಚಾಲೂ ಆಗುವ ಮೊದಲೇ ಪಂಪ್ ಮುರಿಯಬಹುದು.

ಸರಿಯಾದ ಜೋಡಣೆಯಲ್ಲಿ ಗೇರ್‌ಬಾಕ್ಸ್‌ನ ಮುಖವು ಎರಡು ಡವೆಲ್ ಪಿನ್‌ಗಳ ಮೇಲೆ ಸರಿದು, ಕೈಬಲದಿಂದಲೇ ಎಂಜಿನ್‌ಗೆ ಒತ್ತಿ ಕೂರಬೇಕು. ಬೋಲ್ಟ್‌ಗಳನ್ನು ಹಾಕಿದ ಬಳಿಕವೂ, ತಟ್ಟೆಗೆ ಇನ್ನೂ ಕಟ್ಟದ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು. ಅದನ್ನು ಪೂರ್ತಿ ಹಿಂದಕ್ಕೆ ಒತ್ತಿ ಅಳೆದರೆ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಸುಮಾರು 3ರಿಂದ 5 ಮಿಲಿಮೀಟರ್ ಅಂತರ ಕಾಣಬೇಕು. ಅಂತರವೇ ಇಲ್ಲದಿದ್ದರೆ ಕನ್ವರ್ಟರ್ ಒಂದು ಕಡೆ ಪಂಪನ್ನೂ ಇನ್ನೊಂದು ಕಡೆ ಕ್ರ್ಯಾಂಕ್‌ಶಾಫ್ಟ್‌ನ ಬೇರಿಂಗನ್ನೂ ಒತ್ತಿ ಸವೆಸುತ್ತದೆ. ಅಂತರ ಹೆಚ್ಚಾದರೆ, ಬೋಲ್ಟ್ ಹಾಕಿ ಮುಂದಕ್ಕೆ ಎಳೆದಾಗ ಕೊರಳು ಪಂಪಿನ ಹಿಡಿತದಿಂದ ಅರ್ಧ ಹೊರಬರುತ್ತದೆ. ಅದನ್ನು ಬೋಲ್ಟ್‌ಗಳ ಬಳಿ ತೆಳು ವಾಷರ್ ಇಟ್ಟು ಸರಿಪಡಿಸುವುದು ರೂಢಿ.

700ಆರ್4 ಆಯ್ದುಕೊಂಡವರಿಗೆ ಇನ್ನೂ ಒಂದು ಪರೀಕ್ಷೆಯಿದೆ. ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಟಿವಿ ಕೇಬಲ್ ಗೇರ್ ಬದಲಾಗುವ ಸಮಯವನ್ನಷ್ಟೇ ಅಲ್ಲ, ಒಳಗಿನ ಎಣ್ಣೆಯ ಒತ್ತಡವನ್ನೂ ನಿರ್ಧರಿಸುತ್ತದೆ. ಅದು ಸಡಿಲವಾಗಿದ್ದರೆ ಒತ್ತಡ ಕುಸಿದು ಒಳಗಿನ ಕ್ಲಚ್‌ಗಳು ಜಾರಿ ಸುಡುತ್ತವೆ. ಹಳೆಯ ಕಾರ್ಬ್ಯುರೇಟರ್‌ಗಳಲ್ಲಿ ಈ ಕೇಬಲ್ ಸಿಕ್ಕಿಸಲು ಸ್ಥಳವೇ ಇಲ್ಲದ್ದರಿಂದ ಅದಕ್ಕೆ ತಕ್ಕ ಬ್ರಾಕೆಟ್ ಬೇಕು. ಹೇಗೋ ತಂತಿ ಕಟ್ಟಿ ಓಡಿಸುವುದು ಅಪಾಯಕರ. ಇದರ ಕನ್ವರ್ಟರ್‌ನೊಳಗಿನ ಲಾಕಪ್ ಕ್ಲಚ್‌ಗೆ ವಿದ್ಯುತ್ ಸಂಪರ್ಕವೂ ಅಗತ್ಯ. ಅದಿಲ್ಲದೆ ನಾಲ್ಕನೆಯ ಗೇರ್‌ನಲ್ಲಿ ದೂರ ಓಡಿಸಿದರೆ ಎಣ್ಣೆ ವಿಪರೀತ ಕಾಯುತ್ತದೆ. ಮಾನವಚಾಲಿತ ಕಾರಿನ ರೇಡಿಯೇಟರ್‌ನಲ್ಲಿ ಗೇರ್ ಎಣ್ಣೆ ತಣಿಸುವ ಕೊಳವೆ ಇರುವುದಿಲ್ಲವಾದ್ದರಿಂದ ಪ್ರತ್ಯೇಕ ಕೂಲರ್ ಅಳವಡಿಸಬೇಕು. ಇನ್ನು ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸುವುದು, ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ ಸರಿಪಡಿಸುವುದು, ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಚಾಲೂ ಆಗುವಂತೆ ಸ್ವಿಚ್ ಜೋಡಿಸುವುದು ಇದ್ದೇ ಇವೆ.

ಭಾರತದಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರು ಕಾನೂನಿನತ್ತಲೂ ಕಣ್ಣುಹಾಯಿಸುವುದು ಒಳಿತು. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳ ಪ್ರಕಾರ, 50 ವರ್ಷ ಮೀರಿದ ಕಾರು ‘ವಿಂಟೇಜ್’ ಎನಿಸಿಕೊಳ್ಳಲು ಮೂಲ ರೂಪದಲ್ಲೇ ಇರಬೇಕು. ಚಾಸಿ, ದೇಹ ಅಥವಾ ಎಂಜಿನ್‌ನಲ್ಲಿ ಮಾರ್ಪಾಡು ಆಗಿರಕೂಡದು. ಗೇರ್‌ಬಾಕ್ಸ್‌ಗೆ ಜಾಗ ಸಾಲದೆಂದು ಕಾರಿನ ತಳವನ್ನೋ ಚಾಸಿಯನ್ನೋ ಕತ್ತರಿಸಿದರೆ ಆ ಮಾನ್ಯತೆಗೇ ಕುತ್ತು ಬಂದೀತು.

ಎಂಜಿನ್ ಚಾಲೂ ಮಾಡುವ ಮುನ್ನ ಗೇರ್‌ಬಾಕ್ಸ್‌ಗೂ ಸಾಕಷ್ಟು ಎಣ್ಣೆ ಸುರಿದಿರಬೇಕು. ಎಂಜಿನ್ ತಿರುಗತೊಡಗಿದ ಕೂಡಲೇ ಕನ್ವರ್ಟರ್ ಒಂದಷ್ಟನ್ನು ಹೀರಿಕೊಳ್ಳುವುದರಿಂದ, ಚಾಲೂ ಇರುವಾಗಲೇ ಮತ್ತೆ ತುಂಬಿಸುತ್ತ ಬರಬೇಕು. ಕಾರು ಓಡಿ ಎಣ್ಣೆ ಬಿಸಿಯಾದ ನಂತರ, ಸಮತಟ್ಟಾದ ನೆಲದಲ್ಲಿ ಪಾರ್ಕ್‌ನಲ್ಲಿರಿಸಿ ಅಳತೆಕಡ್ಡಿ ಎಳೆದು ನೋಡಬೇಕು. ಎಣ್ಣೆ ತಿಳಿಗೆಂಪಾಗಿದ್ದರೆ ಸರಿ. ಕಪ್ಪಾಗಿ ಸುಟ್ಟ ವಾಸನೆ ಬಂದಲ್ಲಿ ಕಾರನ್ನು ಅಲ್ಲೇ ನಿಲ್ಲಿಸಿ, ಮೊದಲು ಟಿವಿ ಕೇಬಲನ್ನು ಪರೀಕ್ಷಿಸತಕ್ಕದ್ದು.