ಆಳಂದ, ಅಫಜಲಪುರ, ಜೇವರ್ಗಿ ಸೀಮೆ: ಸ್ತ್ರೀಹಿಂಸಾ ನಿವಾರಣೆಯಲ್ಲಿ ಹೊರನಾಡಿನ ನೆರವು ಮತ್ತು ಊರಿನ ಸಂಘ

ಭೀಮಾ ಮತ್ತು ಅಮರ್ಜಾ ನದಿಗಳ ಕರಿನೆಲದಲ್ಲಿ ಹರಡಿರುವ ಈ ಮೂರು ತಾಲೂಕುಗಳನ್ನು ನಮ್ಮ ಚರಿತ್ರಕಾರರು ಗಾಣಗಾಪುರದ ದತ್ತಕ್ಷೇತ್ರಕ್ಕಾಗಿಯೂ ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕಾಗಿಯೂ ನೆನೆಯುವುದುಂಟು. 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆಯ ರಾಜಕೀಯ ಚರಿತ್ರೆಯೂ ತಕ್ಕಮಟ್ಟಿಗೆ ಬರೆಯಲ್ಪಟ್ಟಿದೆ. ಆದರೆ ಇಲ್ಲಿಯ ಮನೆಗಳ ಒಳಗಣ ಚರಿತ್ರೆ, ಅದರಲ್ಲಿಯೂ ಹೆಂಗಸರು ಉಂಡ ಪೆಟ್ಟಿನ ಮತ್ತು ಅದನ್ನು ತಡೆಯಲು ನಡೆದ ಯತ್ನದ ಚರಿತ್ರೆ, ಇನ್ನೂ ಬರೆಯಬೇಕಾಗಿದೆ. ಹೊರದೇಶಗಳ ನೆರವು ಈ ಯತ್ನದಲ್ಲಿ ಯಾವ ಪಾತ್ರ ವಹಿಸಿತೆಂಬುದನ್ನು ಪ್ರಕೃತ ಲೇಖನದಲ್ಲಿ ಸ್ಥೂಲವಾಗಿ ವಿಚಾರಿಸುತ್ತೇವೆ.

ಮನೆಯೊಳಗಿನ ಹಿಂಸೆಯು ಜಗತ್ತಿನ ಚರ್ಚೆಗೆ ಬಂದುದು ತಡವಾಗಿ. ವಿಶ್ವಸಂಸ್ಥೆಯು 1975ನ್ನು ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಆಚರಿಸಿತು. 1979ರಲ್ಲಿ ಸ್ತ್ರೀಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ತೊಡೆಯುವ ಒಡಂಬಡಿಕೆಯನ್ನು ಅಂಗೀಕರಿಸಿತು. ಆ ಒಡಂಬಡಿಕೆಯ ಮೂಲಪಾಠದಲ್ಲಿ ಹಿಂಸೆಯನ್ನು ಕುರಿತು ಪ್ರತ್ಯೇಕ ವಿಧಿಯಿರಲಿಲ್ಲವೆಂಬುದು ಗಮನಾರ್ಹ. 1993ರಲ್ಲಿ ಸ್ತ್ರೀಹಿಂಸಾ ನಿವಾರಣೆಯ ಘೋಷಣೆ ಹೊರಟಿತು. ಭಾರತವು ಒಡಂಬಡಿಕೆಯನ್ನು ಸ್ಥಿರೀಕರಿಸಿದುದೂ ಅದೇ ವರ್ಷ. ಸ್ವಇಚ್ಛೆಯ ಕೊಡುಗೆಗಳಿಂದ ನಡೆಯುವ ವಿಶ್ವಸಂಸ್ಥೆಯ ನಿಧಿಯೊಂದು 1996ರಲ್ಲಿ ಇದೇ ಉದ್ದೇಶಕ್ಕಾಗಿ ಸ್ಥಾಪಿತವಾಯಿತು.

ನಮ್ಮ ನಾಡಿಗೆ ಬಂದ ನೆರವಾದರೋ ಇದಕ್ಕೂ ಹಿಂದಿನದು; ಅದು ಬಂದುದು ಬೇರೊಂದು ಹೆಸರಿನಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ಭಾರತ ಸರಕಾರವು ನೆದರ್ಲೆಂಡ್ಸ್ ಸರಕಾರದ ಹಣದಿಂದ ಕರ್ನಾಟಕ, ಗುಜರಾತ, ಉತ್ತರ ಪ್ರದೇಶಗಳಲ್ಲಿ ಮಹಿಳಾ ಸಮಾಖ್ಯಾ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕದಲ್ಲಿ 1989ರಲ್ಲಿ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ತೊಡಗಿದ ಈ ಕಾರ್ಯವು ಮುಂದೆ ಕಲಬುರಗಿ ಜಿಲ್ಲೆಗೂ ವಿಸ್ತರಿಸಿತು. ಕಾಗದದ ಮೇಲೆ ಅದು ಶಿಕ್ಷಣದ ಕಾರ್ಯಕ್ರಮ. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬ ಸಹಯೋಗಿನಿ. ಹಳ್ಳಿಯಲ್ಲಿ ಬಡ ಹೆಂಗಸರ, ಬಹುಮಟ್ಟಿಗೆ ದಲಿತ ಕೂಲಿಕಾರರ, ಒಂದು ಸಂಘ. ಅನುಕೂಲವಾದೆಡೆ ಕೂಡಲು ಒಂದು ‘ಸಂಘದ ಮನೆ’. ಇಷ್ಟು ಮಂದಿಗೆ ಇಷ್ಟು ಕಾಲದಲ್ಲಿ ಅಕ್ಷರ ಕಲಿಸಬೇಕೆಂಬ ಗುರಿಯನ್ನು ಮೇಲಿನವರು ಹೇರಲಿಲ್ಲ. ಏನನ್ನು ಚರ್ಚಿಸಬೇಕೆಂಬುದನ್ನು ಸಂಘವೇ ನಿಶ್ಚಯಿಸಬೇಕಾಗಿತ್ತು.

ಈ ಸ್ವಾತಂತ್ರ್ಯವೇ ಮಹತ್ವದ್ದೆಂದು ನಮ್ಮ ಅಭಿಪ್ರಾಯ. ಸಂಘಗಳು ಮೊದಲು ಎತ್ತಿದ ಮಾತುಗಳು ಕುಡಿಯುವ ನೀರು, ಕೂಲಿ, ಪಡಿತರ, ಮಕ್ಕಳ ಆರೋಗ್ಯ. ಒಟ್ಟಿಗೆ ಕೂತು ಮಾತಾಡುವ ಅಭ್ಯಾಸ ಬೆಳೆದ ಮೇಲೆ ಹೊಡೆತ, ಕುಡಿತ, ಎಳೆಯ ಹುಡುಗಿಯರ ಮದುವೆ, ದೇವದಾಸಿ ಬಿಡುವ ರೂಢಿ ಇವು ಹೊರಬಿದ್ದವು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ 1982ರದು. ಗಂಡನ ಮನೆಯವರ ಕ್ರೌರ್ಯವನ್ನು ದಂಡಾರ್ಹಗೊಳಿಸಿದ ವಿಧಿ 1983ರದು. ಕಾಯಿದೆಗಳಿದ್ದವು, ಆದರೆ ಠಾಣೆಯ ಮೆಟ್ಟಿಲು ಹತ್ತುವಾಗ ಜೊತೆಗೆ ಬರುವವರಿರಲಿಲ್ಲ. ಆ ಜೊತೆಯನ್ನು ಸಂಘವು ಒದಗಿಸಿತು. 1995ರಲ್ಲಿ ಗುಜರಾತದ ಬಡೋದಾ ಜಿಲ್ಲೆಯಲ್ಲಿ ಆರಂಭವಾದ ನಾರೀ ಅದಾಲತ್ತಿನ ಪದ್ಧತಿಯು ಕರ್ನಾಟಕದಲ್ಲಿಯೂ ಬೇರೂರಿತು. ಅದಕ್ಕೆ ಶಿಕ್ಷಿಸುವ ಅಧಿಕಾರವಿಲ್ಲ. ಉಭಯ ಪಕ್ಷದವರನ್ನು ಕರೆಸಿ, ಬಹಿರಂಗವಾಗಿ ಕೇಳಿ, ಒಪ್ಪಂದವನ್ನು ಬರೆಯಿಸಿ, ಅದು ನಡೆಯಿತೋ ಇಲ್ಲವೋ ನೋಡುವುದಷ್ಟೇ ಅದರ ಬಲ. ಪಂಚಾಯತಿ ಕಟ್ಟೆಯ ಮೇಲೆ ಗಂಡಸರೇ ಕೂಡುತ್ತಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ಹಿಂಸೆ ತಗ್ಗಿತೇ? ಇಲ್ಲಿ ಚರಿತ್ರಕಾರನು ಎಚ್ಚರದಿಂದಿರಬೇಕು. ಗಂಡನಿಂದ ಹಿಂಸೆಗೊಳಗಾದೆವೆಂದು ಹೇಳಿದ ವಿವಾಹಿತೆಯರ ಪ್ರಮಾಣವು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 2015–16ರಲ್ಲಿ ಶೇಕಡ 20.6, 2019–20ರಲ್ಲಿ ಶೇಕಡ 44.4. ಇದು ಇಡೀ ರಾಜ್ಯದ ಅಂಕಿ, ಈ ತಾಲೂಕುಗಳದ್ದಲ್ಲ. ಮೇಲಾಗಿ ಏರಿದುದು ಹಿಂಸೆಯೋ, ಅದನ್ನು ಹೇಳುವ ಧೈರ್ಯವೋ, ಕೇಳಿದ ರೀತಿಯೋ ಎಂಬುದನ್ನು ಅಂಕಿಯೊಂದೇ ತಿಳಿಸಲಾರದು. ಮಳೆ ನಂಬಿದ ತೊಗರಿ ಕೈಕೊಟ್ಟಾಗ ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳು ಬೆಳೆದ ಮಗಳನ್ನು ಊರಲ್ಲಿ ಬಿಡಲು ಅಂಜಿ ಬೇಗನೆ ಮದುವೆ ಮಾಡುತ್ತವೆ. ಈ ಅಂಜಿಕೆಯನ್ನು ಯಾವ ನಿಧಿಯೂ ನೇರವಾಗಿ ನೀಗಿಸಲಾರದು.

ಹೊರಗಿನ ಹಣಕ್ಕೆ ಇನ್ನೊಂದು ಮಿತಿಯೂ ಉಂಟು: ಅದು ಕೊಡುವವರ ಕಾಲಗಣನೆಯನ್ನನುಸರಿಸುತ್ತದೆ. ನೆದರ್ಲೆಂಡ್ಸಿನ ಬಳಿಕ ಬ್ರಿಟನ್ನಿನ ನೆರವು ಬಂದಿತು, ಅದೂ ನಿಂತಿತು. 2016ರ ಹೊತ್ತಿಗೆ ಕೇಂದ್ರವು ಮಹಿಳಾ ಸಮಾಖ್ಯಾವನ್ನು ಪ್ರತ್ಯೇಕ ಕಾರ್ಯಕ್ರಮವಾಗಿ ನಡೆಸುವುದನ್ನು ಕೈಬಿಟ್ಟು, ಗ್ರಾಮೀಣ ಜೀವನೋಪಾಯ ಯೋಜನೆಯಲ್ಲಿ ಅದನ್ನು ವಿಲೀನಗೊಳಿಸುವ ದಾರಿ ಹಿಡಿಯಿತು. ಸಾಲ, ಉಳಿತಾಯಗಳ ಲೆಕ್ಕ ಮುಂದೆ ಬಂದು ಹೊಡೆತದ ಮಾತು ಹಿಂದೆ ಸರಿಯುವ ಅಪಾಯವು ಇದರಲ್ಲಿ ಅಡಗಿದೆ.

ಒಟ್ಟಿನಲ್ಲಿ, ಹೊರನಾಡಿನ ನೆರವು ಹೆಂಗಸರು ಕೂಡುವುದಕ್ಕೆ ಅವಕಾಶವನ್ನು ಕಲ್ಪಿಸಿತು. ಹಿಂಸೆಗೆ ಹೆಸರಿಟ್ಟು ಎದುರಾದವರು ಆ ಹೆಂಗಸರೇ ಎಂದು ಹೇಳಬಹುದಾಗಿದೆ. ಇದಕ್ಕೆ ಆಧಾರವಾಗಬಲ್ಲ ದಾಖಲೆಗಳು ಆಮ್ಸ್ಟರ್ಡಾಮಿನಲ್ಲಾಗಲಿ ದಿಲ್ಲಿಯಲ್ಲಾಗಲಿ ಅಲ್ಲ, ಸಂಘಗಳ ಠರಾವು ಪುಸ್ತಕಗಳಲ್ಲಿಯೂ ವೃದ್ಧೆಯರ ನೆನಪುಗಳಲ್ಲಿಯೂ ಇವೆ. ಪುಸ್ತಕಗಳಿಗೆ ಗೆದ್ದಲು ಹತ್ತುವ ಮೊದಲು, ನೆನಪುಗಳು ಮಾಸುವ ಮೊದಲು, ಈ ಮೂರು ತಾಲೂಕುಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಳ್ಳಿಗಳಿಗೆ ಹೋಗಿ, ಹೇಳುವವರ ಒಪ್ಪಿಗೆ ಪಡೆದು, ಅವರ ಹೆಸರುಗಳನ್ನು ಗುಟ್ಟಾಗಿರಿಸಿ, ಅವನ್ನು ಬರೆದಿಡುವ ಕೆಲಸಕ್ಕೆ ಕೈಹಾಕಬೇಕೆಂದು ನಾವು ಕೋರುತ್ತೇವೆ.