ತಪ್ಪು ನ್ಯಾಯಾಲಯದ್ದು, ಖರ್ಚು ಯಾರದ್ದು?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲಿದೆ. ಅದರಲ್ಲಿ ಮೂರನೆಯವನೊಬ್ಬನ ಲೆಕ್ಕ ಬಿಟ್ಟುಹೋಗಿದೆ: ಮೊದಲು ಗೆದ್ದು, ಆಮೇಲೆ ಮೇಲ್ಮನವಿಯಲ್ಲಿ ಸೋತವನು. ಕೆಳ ನ್ಯಾಯಾಲಯ ಕಾನೂನನ್ನು ತಪ್ಪಾಗಿ ಅರ್ಥೈಸಿ ಅವನ ಪರ ತೀರ್ಪು ಕೊಟ್ಟಿತು. ಎದುರಾಳಿ ಮೇಲಕ್ಕೆ ಹೋಗಿ ಅದನ್ನು ತಿದ್ದಿಸಿದ. ಸೋತವರು ಗೆದ್ದವರ ಖರ್ಚು ಕೊಡಬೇಕೆಂಬುದು ಇಂಗ್ಲೆಂಡಿನಿಂದ ಬಂದ ಹಳೆಯ ನಿಯಮ. ಹಾಗಾಗಿ ನ್ಯಾಯಾಧೀಶರ ತಪ್ಪಿಗೆ ಕಕ್ಷಿದಾರ ದುಡ್ಡು ತೆರಬೇಕಾಯಿತು. ಈ ಭಯಕ್ಕೆ, ಕೈಯಲ್ಲಿ ಕಾಸಿಲ್ಲದವನು ತನ್ನ ಪರವಾದ ತೀರ್ಪನ್ನೇ ಉಳಿಸಿಕೊಳ್ಳಲು ಹಿಂಜರಿಯಬೇಕಾಗುತ್ತದೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1951ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಅಲ್ಲಿನ 'ಸೂಟರ್ಸ್ ಫಂಡ್ ಆ್ಯಕ್ಟ್' ಎಂದರೆ ಕಕ್ಷಿದಾರರ ನಿಧಿಯ ಕಾಯ್ದೆ. ನ್ಯಾಯಾಲಯಗಳಲ್ಲಿ ಜನ ಕಟ್ಟುವ ಶುಲ್ಕದ ಒಂದು ಪಾಲು ಈ ನಿಧಿಗೆ ಸೇರುತ್ತದೆ. ಕಾನೂನಿನ ಪ್ರಶ್ನೆಯ ಮೇಲೆ ಮೇಲ್ಮನವಿ ಗೆದ್ದಾಗ, ಸೋತ ಪ್ರತಿವಾದಿಗೆ ನ್ಯಾಯಾಲಯ ಒಂದು ಪ್ರಮಾಣಪತ್ರ ಕೊಡಬಹುದು. ಅದನ್ನು ತೋರಿಸಿದರೆ ಎದುರಾಳಿಗೆ ಕೊಡಬೇಕಾದ ಮೇಲ್ಮನವಿಯ ಖರ್ಚೂ ತನ್ನ ಖರ್ಚೂ ಒಂದು ಮಿತಿಯೊಳಗೆ ನಿಧಿಯಿಂದ ಸಿಗುತ್ತದೆ. ಸರ್ಕಾರಕ್ಕೂ ದೊಡ್ಡ ಕಂಪನಿಗಳಿಗೂ ಈ ನೆರವಿಲ್ಲ. ವಿಕ್ಟೋರಿಯಾ ರಾಜ್ಯ 1964ರಲ್ಲಿ ಇಂಥದೇ ಕಾಯ್ದೆ ತಂದಿತು. ಕೇಂದ್ರದ ನ್ಯಾಯಾಲಯಗಳಿಗೆ 1981ರಲ್ಲಿ ಬಂತು.

ಭಾರತಕ್ಕೆ ಈ ವಿಚಾರ ಪೂರ್ತಿ ಹೊಸದಲ್ಲ. 1870ರ ಕೋರ್ಟ್ ಫೀ ಕಾಯ್ದೆಯ 13ನೇ ಕಲಮನ್ನು ನೋಡಬಹುದು. ಕೆಳ ನ್ಯಾಯಾಲಯ ತಪ್ಪಾಗಿ ತಿರಸ್ಕರಿಸಿದ ದಾವೆಯನ್ನು ಸ್ವೀಕರಿಸುವಂತೆ ಮೇಲಿನ ನ್ಯಾಯಾಲಯ ಆದೇಶಿಸಿದರೆ, ಅಥವಾ ಕೆಲವು ಕಾರಣಗಳಿಗೆ ದಾವೆಯನ್ನು ಮರುವಿಚಾರಣೆಗೆ ಹಿಂದಿರುಗಿಸಿದರೆ, ಮೇಲ್ಮನವಿದಾರ ಕಟ್ಟಿದ ಪೂರ್ತಿ ಶುಲ್ಕವನ್ನು ಕಲೆಕ್ಟರರಿಂದ ವಾಪಸು ಪಡೆಯಲು ಪ್ರಮಾಣಪತ್ರ ಸಿಗುತ್ತದೆ. 15ನೇ ಕಲಮು, ನ್ಯಾಯಾಲಯ ಪುನರ್ವಿಮರ್ಶೆಯಲ್ಲಿ ತನ್ನದೇ ತಪ್ಪನ್ನು ತಿದ್ದಿಕೊಂಡಾಗಲೂ ಶುಲ್ಕದ ಬಹುಪಾಲು ಮರಳಿಸುತ್ತದೆ. ಮರುವಿಚಾರಣೆಗೆ ಹೋದ ದಾವೆಗಳ ಶುಲ್ಕ ವಾಪಸಾತಿ ಕರ್ನಾಟಕದ 1958ರ ಕಾಯ್ದೆಯಲ್ಲೂ ಇದೆ.

ಆದರೆ ಮರಳುವುದು ಸರ್ಕಾರ ತಾನು ಪಡೆದ ಶುಲ್ಕ ಮಾತ್ರ. ವಕೀಲರ ಫೀಸು, ಓಡಾಟದ ಖರ್ಚು ಅದರಲ್ಲಿ ಬರುವುದಿಲ್ಲ. ಮೇಲ್ಮನವಿಯಲ್ಲಿ ಸೋತವನಿಗಂತೂ ಏನೂ ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮು ಖರ್ಚಿನ ತೀರ್ಮಾನವನ್ನು ನ್ಯಾಯಾಲಯದ ವಿವೇಚನೆಗೆ ಬಿಟ್ಟಿದೆ. ರೂಢಿಯಲ್ಲಿ ಸೋತವರೇ ಕೊಡಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರನ್ನು ಒದಗಿಸುತ್ತದೆ. ಅದು ನೋಡುವುದು ನೆರವು ಕೇಳಿದವರು ಯಾರೆಂಬುದನ್ನು, ತಪ್ಪು ಯಾರದೆಂಬುದನ್ನಲ್ಲ.

ಎರಡು ಕಾಯ್ದೆಗಳ ನಡುವೆ 81 ವರ್ಷಗಳ ಅಂತರವಿದೆ. ನ್ಯಾಯಾಲಯದ ತಪ್ಪಿಗೆ ಶುಲ್ಕ ಇಟ್ಟುಕೊಳ್ಳಬಾರದು ಎಂದು 1870ರ ಕಾಯ್ದೆ ಒಪ್ಪಿತು. ಆ ತಪ್ಪಿನಿಂದ ಕಕ್ಷಿದಾರನಿಗಾದ ನಷ್ಟವನ್ನೂ ಭರಿಸಬೇಕು ಎಂದದ್ದು 1951ರ ಕಾಯ್ದೆ. ಭಾರತದಲ್ಲಿ ಎರಡನೆಯ ಆ ಹೆಜ್ಜೆ ಇನ್ನೂ ಬಾಕಿ ಇದೆ.